ಹುಚ್ಚು ಕುದುರೆಯ ನೋಟ್‌ಬುಕ್

ಬೆಳಿಗ್ಗೆ ಎಂಟಕ್ಕೆ ಫೋನು. ಭಾವನ ದನಿ ಅಳುವಂತಿತ್ತು.

"ಕಳ್ಳತನ ಆಗಿದೆ. ಬೇಗ ಬಾ."

ನಾನು ಪೊಲೀಸ್ ಇನ್‌ಸ್ಪೆಕ್ಟರ್. ಅವತ್ತು ರಜೆ. ನನ್ನ ರಜೆಗೂ ನೆಮ್ಮದಿಗೂ ಮೊದಲಿಂದಲೂ ಎಣ್ಣೆ ಸೀಗೇಕಾಯಿ.

ಭಾವ ವಾಚ್ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನದರಲ್ಲಿ ಅಕ್ಕನ ಹೊಲಿಗೆ ಮೆಷಿನ್ನು. ನಾನು ಹೋದಾಗ ಭಾವ ತೆರೆದ ಡ್ರಾಯರಿನ ಎದುರು ತಲೆ ಮೇಲೆ ಕೈಹೊತ್ತು ಕೂತಿದ್ದರು.

"ನೋಟ್‌ಬುಕ್ಕು ಹೋಯ್ತು. ಹುಚ್ಚು ಕುದುರೆ ನೋಟ್‌ಬುಕ್ಕು!"

ಹುಚ್ಚು ಕುದುರೆ ಅಂದರೆ ಭಾವ ಚೆಸ್ ಆಟ ಶುರುಮಾಡುವ ರೀತಿ. ನಾಲ್ಕನೇ ನಡೆಗೇ ತಮ್ಮ ಕುದುರೆಯನ್ನು ಪುಕ್ಕಟೆ ಎದುರಾಳಿಯ ಬಾಯಿಗಿಡುವುದು. ಅವನು ತಿಂದರೆ ಅವನ ರಾಜನನ್ನು ಅಟ್ಟಾಡಿಸುವುದು. ಬುದ್ಧಿ ನೆಟ್ಟಗಿರುವವರು ಯಾರೂ ಆಡುವುದಿಲ್ಲ. ಕ್ಲಬ್ಬಿನ ಫೈನಲ್‌ನಲ್ಲಿ ಹಲ್ಲಿನ ಡಾಕ್ಟರ ಎದುರು ಎಂಟು ವರ್ಷ ಇದನ್ನೇ ಆಡಿ, ಎಂಟು ವರ್ಷವೂ ಸೋತಿದ್ದರು. ಈ ಸಲ ನೋಟ್‌ಬುಕ್ ತುಂಬ ಹೊಸ ಯೋಚನೆ. ಸಂಜೆ ನಾಲ್ಕಕ್ಕೆ ಆಟ. ಸೋತರೆ ಚೆಸ್ ಬೋರ್ಡನ್ನೇ ಅಟ್ಟಕ್ಕೆ ಹಾಕುತ್ತೇನೆಂದು ಎಲ್ಲರೆದುರು ಹೇಳಿಬಿಟ್ಟಿದ್ದರು. ಚೆಸ್ ಇಲ್ಲದ ಭಾವನನ್ನು ನೆನೆಯುವುದೂ ಕಷ್ಟ.

ಬೀಗಕ್ಕೆ ಒಂದು ಗೀರೂ ಇಲ್ಲ. ನೋಟ್‌ಬುಕ್ಕಿಗೆ ಸುತ್ತುತ್ತಿದ್ದ ಬಟ್ಟೆ ಮಾತ್ರ ಡ್ರಾಯರಿನಲ್ಲಿ ನೀಟಾಗಿ ಮಡಚಿ ಕೂತಿತ್ತು.

"ಬೀಗದ ಕೈ?"

"ಒಂದೇ ಇರೋದು. ನನ್ನ ಜೇಬಲ್ಲೇ ಇರುತ್ತೆ."

"ಯಾರ ಮೇಲೆ ಅನುಮಾನ?"

"ಇನ್ಯಾರು? ಆ ಹಲ್ಲು ಕೀಳೋನು! ನಿನ್ನೆ ಇಲ್ಲಿಗೆ ಬಂದಿದ್ದ."

* * *

ಡಾಕ್ಟರು ಯಾರದೋ ಬಾಯೊಳಗೆ ಕೈಯಿಟ್ಟುಕೊಂಡೇ ನಕ್ಕರು.

"ಹೋಗಿದ್ದೆ ಮೇಡಂ. ನಿಮ್ಮಕ್ಕನಿಗೆ ಕೋಟಿನ ಅಳತೆ ಕೊಡೋಕೆ. ಅವನು ಅಂಗಡೀಲೇ ಗುರ್ ಅಂತ ಕೂತಿದ್ದ. ಕದಿಯೋದು ಹೇಗೆ?"

"ನೋಟ್‌ಬುಕ್ಕಿನ ಮೇಲೆ ಆಸೆ ಇರಲಿಲ್ವಾ?"

"ನಂಗ್ಯಾಕೆ? ಎಂಟು ವರ್ಷದಿಂದ ಆ ಕುದುರೆ ತಿಂದು ತಿಂದು ಅಜೀರ್ಣ ಆಗಿದೆ."

ಕದ್ದವರು ಇಷ್ಟು ಖುಷಿಯಾಗಿ ಮಾತಾಡುವುದನ್ನು ನಾನು ಕಂಡಿಲ್ಲ. ವಾಪಸು ಬಂದೆ.

* * *

ಅಕ್ಕ ತಲೆಯೆತ್ತದೆ ಹೊಲಿಯುತ್ತಿದ್ದಳು. ಪಕ್ಕದ ಮೇಜಿನ ಮೇಲೆ ಭಾವನ ಬೋರ್ಡು. ಹುಚ್ಚು ಕುದುರೆಯನ್ನು ಒಡ್ಡಿದ ಆ ನಾಲ್ಕನೇ ನಡೆ ಅಲ್ಲಿ ಸದಾ ಹಾಗೇ ಇರುತ್ತದೆ. ಯಾರೂ ಮುಟ್ಟುವ ಹಾಗಿಲ್ಲ.

ಇವತ್ತು ಯಾರೋ ಮುಟ್ಟಿದ್ದರು. ಬಿಳಿ ಕುದುರೆಯನ್ನು ತಿಂದಿರಲಿಲ್ಲ. ಅದರ ಬದಲು ಕರಿ ಮಂತ್ರಿ ಹೊರಗೆ ಬಂದಿತ್ತು. ಮಂತ್ರಿಯ ತಲೆ ಮೇಲೆ ನೀಲಿ ಪುಡಿ.

"ಅಕ್ಕಾ, ನೋಟ್‌ಬುಕ್ ಕೊಡು."

ಮೆಷಿನ್ನು ನಿಂತಿತು.

"ನಂಗೆ ಕುದುರೆ ಹೇಗೆ ನಡೆಯುತ್ತೆ ಅಂತಾನೂ ಗೊತ್ತಿಲ್ಲ ಕಣೇ."

"ಸಾಕು ಮಾಡು. ಭಾವನ ಜೇಬಿಂದ ಬೀಗದ ಕೈ ಸಿಗೋದು ಅವರು ಸ್ನಾನಕ್ಕೆ ಹೋದಾಗ ಮಾತ್ರ. ಅವರಾದ್ರೆ ಬಟ್ಟೇನ ಉಂಡೆ ಮಾಡಿ ತುರುಕ್ತಾರೆ. ಇದು ಅಂಚಿಗೆ ಅಂಚು ಕೂಡಿಸಿ ಮಡಚಿದ್ದು. ಇನ್ನು ಮಂತ್ರಿ ತಲೆ ಮೇಲಿರೋದು ನೀನು ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ."

ಅಕ್ಕ ಚಿಂದಿಯ ಚೀಲದೊಳಗಿಂದ ನೋಟ್‌ಬುಕ್ ತೆಗೆದಳು. ಕಣ್ಣು ತುಂಬಿತ್ತು. ಬಾಗಿಲಲ್ಲಿ ಭಾವ ಬಾಯಿಬಿಟ್ಟುಕೊಂಡು ನಿಂತಿದ್ದರು.

"ಎಂಟು ವರ್ಷದಿಂದ ಇಲ್ಲೇ ಕೂತು ನೋಡ್ತಿದ್ದೀನಿ," ಎಂದಳು ಅಕ್ಕ. " ಇದರ ತುಂಬ ತಿಂದ್ರೆ ಹೀಗೆ, ತಿಂದ್ರೆ ಹಾಗೆ. ತಿನ್ನದೇ ಇದ್ರೆ? ಒಂದು ಪುಟಾನೂ ಇಲ್ಲ! ಅಳತೆ ಕೊಡುವಾಗ ಗಿರಾಕಿ ಹೊಟ್ಟೆ ಒಳಗೆಳ್ಕೊಂಡು ನಿಲ್ತಾನೆ. ಅದನ್ನ ನಂಬಿ ಹೊಲಿದ್ರೆ ಗುಂಡಿ ಹಾರುತ್ತೆ. ಡಾಕ್ಟರು ತಿಂದೇ ತಿಂತಾರೆ ಅಂತ ನಂಬಿ ಇವರು ಬರ್ಕೊಂಡಿರೋದೂ ಅಂಥ ಅಳತೇನೇ. ಹೇಳಿದ್ರೆ ನೊಂದ್ಕೋತಾರೆ. ಪುಸ್ತಕ ಸಿಗದಿದ್ರೆ ಬೇರೆ ಏನಾದ್ರೂ ಆಡ್ತಾರೆ, ಬೋರ್ಡು ಅಟ್ಟ ಸೇರಲ್ಲ ಅಂತ..."

ಭಾವ ಬೋರ್ಡಿನೆದುರು ಸ್ಟೂಲು ಎಳೆದು ಕೂತರು.

"ಬಾ. ಕರಿ ಕಾಯಿ ನಿಂದು."

ಮೂರು ಆಟ. ಮೂರರಲ್ಲೂ ಭಾವ ಮಣ್ಣು ಮುಕ್ಕಿದರು. ಆಮೇಲೆ ಅಕ್ಕನೇ ದಾರಿ ತೋರಿಸಿದಳು.

"ಮಂತ್ರಿ ಬಂದ್ರೆ ಕುದುರೇನ ವಾಪಸ್ ಕರ್ಕೊಳ್ಳಿ. ತಪ್ಪು ಹೊಲಿಗೆ ಬಿಚ್ಚೋಕೆ ನಾಚಿಕೆ ಏನು?"

* * *

ಸಂಜೆ ಕ್ಲಬ್ಬಿನಲ್ಲಿ ಡಾಕ್ಟರು ಕುದುರೆಯನ್ನೊಮ್ಮೆ ನೋಡಿ ಮುಗುಳ್ನಕ್ಕರು. ತಿನ್ನಲಿಲ್ಲ. ಮಂತ್ರಿಯನ್ನು ಹೊರಗೆ ತಂದರು.

ಭಾವ ತಿರುಗಿ, ನನ್ನ ಪಕ್ಕ ಕೂತಿದ್ದ ಅಕ್ಕನನ್ನು ನೋಡಿದರು. ಕುದುರೆ ಹಿಂದಕ್ಕೆ ಬಂತು. ಡಾಕ್ಟರ ನಗು ಅಲ್ಲಿಗೇ ನಿಂತಿತು. ಐದೂವರೆಗೆ ಅವರೇ ಕೈ ಚಾಚಿ ಸೋಲೊಪ್ಪಿದರು.

ಭಾವ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಹೊರಬಂದರು.

"ಕಳ್ಳಿಗೇನು ಶಿಕ್ಷೆ ಭಾವ?" ಎಂದೆ.

"ಜೀವಾವಧಿ. ದಿನಾ ಸಂಜೆ ನನ್ನೆದುರು ಕೂತು ಆಡಬೇಕು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ದಿನಾ ಸೋಲೋದಕ್ಕೆ ನೀವು ತಯಾರಿದ್ದೀರಾ?"