ಕಿವಿಯೊಳಗಿನ ಎವರಿಸ್ಟೊ

"ಉಸಿರು ತಗೋ ಹುಡುಗಿ, ಭಯ ಪಡಬೇಡ..."

ಕಿವಿಯೊಳಗೆ ಕೇಳಿದ ಆ ಗಂಡು ಧ್ವನಿಯ ಮಾತನ್ನು ಹೊಸ ನಟಿ ಯಾರೆಲಿ ಕ್ಯಾಮೆರಾ ಮುಂದೆ ಹಾಗೇ ಒಪ್ಪಿಸಿಬಿಟ್ಟಳು!

ಎದುರಿಗಿದ್ದ ಅಜ್ಜಿ ಪಾತ್ರದ ನಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನನ್ನ ಹುಡುಗಿ ಅಂದ್ಯಲ್ಲೇ, ನಿನ್ನ ಬಾಯಿಗೆ ಸಕ್ಕರೆ ಹಾಕ!"

ಮೆಕ್ಸಿಕೋ ಸಿಟಿಯ ಧಾರಾವಾಹಿಗಳಲ್ಲಿ ಮಾತು ಬಾಯಿಪಾಠ ಮಾಡುವಷ್ಟು ಪುರುಸೊತ್ತು ಯಾರಿಗಿದೆ? ನಟರ ಕಿವಿಯಲ್ಲಿ 'ಬಟಾಣಿ' ಎಂಬ ಪುಟ್ಟ ಯಂತ್ರ. ಒಳಕೋಣೆಯಲ್ಲಿ ಕುಳಿತವನು ಓದುತ್ತಾನೆ, ಇವರು ಹೇಳುತ್ತಾರೆ. ಹಾಡುಗಾರ್ತಿ ಯಾರೆಲಿಗೆ ನಟನೆಯ ಮೊದಲ ದಿನ ಅದು. ಅವಳು ಬೆದರಿದ್ದನ್ನು ಒಳಗಿನ ಪರದೆಯಲ್ಲಿ ಕಂಡು ಓದುವವನು ಧೈರ್ಯ ಹೇಳಿದ್ದ, ಅಷ್ಟೇ.

ಚಿತ್ರೀಕರಣ ಮುಗಿದ ಮೇಲೆ ಅವನೇ ಬಂದ. ಕೈಯಲ್ಲಿ ನಿಂಬೆರಸ, ಖಾರದ ಪುಡಿ ಹಾಕಿದ ಬಿಸಿ ಮೆಕ್ಕೆಜೋಳದ ಲೋಟ.

"ತಪ್ಪು ನಂದು, ಸೆನ್ಯೊರಿಟಾ. ನಾನು ಎವರಿಸ್ಟೊ."

"ಆ ಧ್ವನಿ ನಿಮ್ದಾ? ಮುಖ ಪರವಾಗಿಲ್ಲ!"

ಅವನು ಕಿವಿಯವರೆಗೂ ಕೆಂಪಾದ. ಯಾರೆಲಿ ಮನಸೋತಳು, ಅಲ್ಲಿಗೆ ಅವಳ ಕಥೆ ಮುಗಿಯಿತು ಅನ್ನಿ!

ಧಾರಾವಾಹಿ ಓಡಿತು. ಅದರಲ್ಲಿ ಅವಳು ಹಾಡಿದ ಹಾಡು ಬಸ್ಸುಗಳಲ್ಲಿ, ಸಲೂನುಗಳಲ್ಲಿ ಮೊಳಗಿತು. ಆಗ ಅವಳ ವ್ಯವಹಾರ ನೋಡಿಕೊಳ್ಳುವ ಸೋದರತ್ತೆ ಚೇಲಾ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಬಿಟ್ಟಳು.

"ನಾಯಕ ಲಿಯೊನೆಲ್ ಜೊತೆ ಕೈ ಕೈ ಹಿಡ್ಕೊಂಡು ಓಡಾಡು. ಜನ ನಿಜ ಅಂದ್ಕೋಬೇಕು. ನಾಟಕ ಅಂತ ಒಂದು ನರಪಿಳ್ಳೆಗೆ ಗೊತ್ತಾದ್ರೂ ನಿನ್ನ ಆಲ್ಬಂ ಹೊರಗೆ ಬರಲ್ಲ!"

ಆ ಆಲ್ಬಂ! ಹದಿನೈದನೇ ವಯಸ್ಸಿನಿಂದ ಯಾರ‍್ಯಾರದೋ ಮದುವೆಗಳಲ್ಲಿ ಗಂಟಲು ಹರಿದುಕೊಂಡು ಹಾಡಿದ್ದು ಅದೊಂದಕ್ಕಾಗಿಯೇ...

ಪತ್ರಿಕೆಗಳಲ್ಲಿ ಅವರಿಬ್ಬರ ಫೋಟೋಗಳು ಬಂದವು. ಎವರಿಸ್ಟೊ ನೇರವಾಗಿ ಕೇಳಿದ.

"ಲಿಯೊನೆಲ್‌ನ ಪ್ರೀತಿಸ್ತಿದ್ದೀಯಾ?"

ಹಿಂದೆಯೇ ಚೇಲಾ ಅತ್ತೆ ನಿಂತಿದ್ದಳು. 'ಇಲ್ಲ ಕಣೋ, ನಿನ್ನನ್ನೇ' ಎಂದು ಯಾರೆಲಿಯ ಮನಸ್ಸು ಕಿರುಚಿತು.

"ಹ್ಞೂಂ," ಎಂದಿತು ಬಾಯಿ.

"ಸರಿ... ಮದುವೆ ದೃಶ್ಯ ಮುಗಿಸ್ಕೊಟ್ಟು ವೆರಾಕ್ರೂಸ್‌ಗೆ ಹೋಗ್ತೀನಿ. ಅಲ್ಲಿ ರೇಡಿಯೋದಲ್ಲಿ ಕೆಲಸ ಸಿಕ್ಕಿದೆ."

ಅವಳ ಕಿವಿಗೆ ಮಾತು ಓದಿಕೊಡುವವನೇ ಹೊರಟಿದ್ದ, ತಡೆಯುವ ಮಾತು ಹೇಳಿಕೊಡುವವರು ಯಾರು!

ಮದುವೆ ದೃಶ್ಯದ ದಿನ ಬಂತು. ವಧೂವರರಾದ ಯಾರೆಲಿ, ಲಿಯೊನೆಲ್ ಹೆಗಲಿಗೆ ಇಬ್ಬರನ್ನೂ ಒಂದಾಗಿ ಬಿಗಿಯುವ ಜೋಡಿ ಜಪಮಾಲೆ ತೊಡಿಸಿದರು, ಅಲ್ಲಿನ ಮದುವೆಗಳ ಪದ್ಧತಿಯಂತೆ. ಕಿವಿಯಲ್ಲಿ ಎವರಿಸ್ಟೊ ಓದಿದ.

"ಸಾಯೋವರೆಗೂ ನಾನು ನಿನ್ನವಳು."

"ಸಾಯೋವರೆಗೂ ನಾನು ನಿನ್ನವಳು," ಎಂದಳು ಲಿಯೊನೆಲ್‌ಗೆ. ಕಣ್ಣೀರು ತಾನಾಗಿ ಇಳಿಯಿತು. ನಿರ್ದೇಶಕ ಖುಷಿಯಾದ.

ಆಮೇಲೆ ಕಿವಿಯಲ್ಲಿ ಎವರಿಸ್ಟೊನ ಒಡೆದ ಧ್ವನಿ.

"ನನ್ನ ಕೈಲಿ ಆಗ್ತಿಲ್ಲ, ದೇವರೇ..."

"ನನ್ನ ಕೈಲಿ ಆಗ್ತಿಲ್ಲ, ದೇವರೇ..." ಅಭ್ಯಾಸಬಲದಿಂದ ಅವಳೂ ಅಂದುಬಿಟ್ಟಳು. ಅಂದ ಮೇಲೆ ಗೊತ್ತಾಯಿತು, ಇಷ್ಟು ದಿನದಲ್ಲಿ ತಾನು ಆಡಿದ ಒಂದೇ ಒಂದು ನಿಜವಾದ ಮಾತು ಅದು!

"ಕಟ್! ಇದು ಯಾವ ಡೈಲಾಗು?" ನಿರ್ದೇಶಕ ಅರಚಿದ.

ಲಿಯೊನೆಲ್ ಕಿವಿಯಲ್ಲೂ ಅದೇ ಬಟಾಣಿ ಇತ್ತಲ್ಲ, ಅವರಿಬ್ಬರ ಸಂಕಟ ಅವನಿಗೆ ಅರ್ಥವಾಯಿತು. ಜಪಮಾಲೆಯನ್ನು ಅವಳ ಹೆಗಲಿಂದ ಮೆಲ್ಲಗೆ ತೆಗೆದ.

"ಹೋಗು ಮಾರಾಯ್ತಿ."

"ಒಂದು ಹೆಜ್ಜೆ ಇಟ್ರೆ ಆಲ್ಬಂ ಮರ್ತುಬಿಡು!" ಚೇಲಾ ಅತ್ತೆ ಕೂಗಿದಳು.

ಯಾರೆಲಿ ಅಳುತ್ತಲೇ ನಡೆದಳು. ಒಳಕೋಣೆಯ ಬಾಗಿಲು ತಳ್ಳಿ, ಕಿವಿಯ ಬಟಾಣಿ ಕಿತ್ತು ಎವರಿಸ್ಟೊನ ಅಂಗೈಯಲ್ಲಿಟ್ಟಳು.

"ಲಿಯೊನೆಲ್ ಬರೀ ನಾಟಕ. ನಾನು ಪ್ರೀತಿಸಿದ್ದು ನಿನ್ನನ್ನ... ಇದನ್ನ ಯಾರೂ ಓದಿ ಹೇಳ್ಕೊಟ್ಟಿದ್ದಲ್ಲ."

"ನಿನ್ನ ಆಲ್ಬಂ?"

"ಹೋಯ್ತು... ಅದಕ್ಕೆ ಅಳ್ತಿದ್ದೀನಾ, ನಿನಗೋಸ್ಕರ ಅಳ್ತಿದ್ದೀನಾ ನಂಗೇ ಗೊತ್ತಾಗ್ತಿಲ್ಲ! ಮುಂದೇನು ಹೇಳ್ಬೇಕು, ಹೇಳ್ಕೊಡೋ!"

ಅವನು ಅವಳನ್ನು ಎದೆಗೊತ್ತಿಕೊಂಡು ಕಿವಿಯ ಬಳಿ ಬಾಗಿದ.

"ಉಸಿರು ತಗೋ ಹುಡುಗಿ, ಭಯ ಪಡಬೇಡ..."

"ಉಸಿರು ತಗೋ..." ಬಿಕ್ಕುತ್ತಲೇ ಅವಳೂ ಒಪ್ಪಿಸಿದಳು.