ಚಿಗರಿಗೆ ಬೇಕಾದ ದೂರ

"ಈ ಲೆನ್ಸು ನಿಮಗ ಕೊಡಂಗಿಲ್ರಿ."

ದುರ್ಗಾ ಹಾಗೆ ಹೇಳಿದಾಗ ಕೌಂಟರಿನಾಚೆ ನಿಂತಿದ್ದ ಯುವಕನ ಮುಖ ಕೆಂಪಾಯಿತು.

ಅದು 2004ರ ಬೇಸಿಗೆ. ರಾಣೆಬೆನ್ನೂರಿನ ಅಬ್ದುಲರಜಾಕ ಚಾಚಾರ ಕ್ಯಾಮೆರಾ ಅಂಗಡಿಯಲ್ಲಿ ಅವಳು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಕೇಳಿದ ವಸ್ತು ಕಪಾಟಿನಲ್ಲಿದ್ದೂ ಕೊಡುವುದಿಲ್ಲ ಎಂದದ್ದು ಅದೇ ಮೊದಲು.

ಅವನು ಮಾಲತೇಶ. ಐರಣಿಯವನು, ಕಾಗಿನೆಲೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅಭಯಾರಣ್ಯದ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಫೋಟೋ ತೆಗೆಯುವ ಹುಚ್ಚು. ಇನ್ನೂರು ಎಂಎಂ ಲೆನ್ಸು ಕೇಳಿ ಬಂದಿದ್ದ.

ಚಿಗರಿಗೆ ಎಷ್ಟು ಹತ್ತಿರ ಹೋಗುತ್ತೀರಿ ಎಂದು ಅವಳು ವಿಚಾರಿಸಿದ್ದಳು. ತೆವಳಿಕೊಂಡು ನಲವತ್ತು ಹೆಜ್ಜೆಯವರೆಗೂ ಹೋಗುತ್ತೇನೆ ಎಂದು ಅವನು ಹೆಮ್ಮೆಯಿಂದ ಹೇಳಿದ್ದ.

"ಅಷ್ಟು ಹತ್ತಿರ ಹೋದ್ರ ಚಿಗರಿ ಫೋಟೋ ಬರಂಗಿಲ್ಲ, ಅದರ ಅಂಜಿಕಿ ಫೋಟೋ ಬರ್ತೈತಿ," ಎಂದಳು ದುರ್ಗಾ. "ನಾನೂರರದು ತಗೋರಿ. ಭಾರ ಐತಿ, ಸ್ಟ್ಯಾಂಡ್ ಬೇಕು. ಆದ್ರ ದೂರ ಕುಂತು ತಗೀಬಹುದು."

ಅದು ಮುಂಬಯಿಯಿಂದ ಬರಬೇಕಿತ್ತು, ನಾಲ್ಕೈದು ತಿಂಗಳು ಹಿಡಿಯುತ್ತಿತ್ತು. ಸಿಟ್ಟಿನಲ್ಲೇ ಒಪ್ಪಿಕೊಂಡು ಹೋದ.

ಆಮೇಲೆ ಪ್ರತಿ ಭಾನುವಾರ ಲೆನ್ಸು ಬಂತೇ ಎಂದು ಕೇಳಲು ಬರತೊಡಗಿದ. ಬಂದಿಲ್ಲ ಅಂದರೂ ಹೋಗುತ್ತಿರಲಿಲ್ಲ. ಜೂಮ್ ಲೆನ್ಸು ಒಳ್ಳೆಯದೋ, ಒಂದೇ ಅಳತೆಯದೋ ಎಂದು ವಾದಕ್ಕೆ ಕೂರುತ್ತಿದ್ದ. ಮುಂಜಾನೆಯ ಮಂದ ಬೆಳಕಿಗೆ ಅಗಲ ಗಾಜಿನದೇ ಬೇಕು ಎಂದು ಅವಳು ಬಿಡಿಸಿ ಹೇಳುವಾಗ ಅವನು ಲೆನ್ಸು ನೋಡುತ್ತಿರಲಿಲ್ಲ, ಅದನ್ನು ಹಿಡಿದ ಅವಳ ಬೆರಳುಗಳನ್ನು ನೋಡುತ್ತಿದ್ದ. ಅದು ಅವಳಿಗೂ ಗೊತ್ತಾಗುತ್ತಿತ್ತು... ಚಾಚಾ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಆಗಸ್ಟಿನ ಒಂದು ಸಂಜೆ ಅವನು ಏದುಸಿರು ಬಿಡುತ್ತ ಬಂದ. ನೀಲಗಿರಿ ತೋಪಿನ ಅಂಚಿನಲ್ಲಿ ಚಿಗರಿ ಮರಿ ಹಾಕಿದೆ, ನಾನೂರರದಕ್ಕೆ ಕಾದರೆ ಮರಿ ದೊಡ್ಡದಾಗಿಬಿಡುತ್ತದೆ, ಒಂದು ದಿನದ ಮಟ್ಟಿಗೆ ಇನ್ನೂರರದನ್ನೇ ಕೊಡಿ ಎಂದು ಬೇಡಿಕೊಂಡ.

ಕೊಡಬೇಡ ಎಂದು ಅವಳ ಮನಸ್ಸು ಹೇಳಿತು. ಆದರೆ ಅವನ ಕಣ್ಣಿನ ಆಸೆ ನೋಡಿ ಆ ಮಾತು ಬಾಯಿಗೆ ಬರಲಿಲ್ಲ. ತಾನೇ ಒರೆಸಿ, ಚೀಲದಲ್ಲಿಟ್ಟು ಕೊಟ್ಟಳು.

ಮರುದಿನ ಮಧ್ಯಾಹ್ನ ಅವನು ಬಂದಾಗ ಅಂಗಿಯ ತುಂಬ ಮಣ್ಣಿತ್ತು.

ಅವನು ತೆವಳುತ್ತ ಹತ್ತಿರವಾದಂತೆ ತಾಯಿ ಬೆದರಿ ಓಡಿತ್ತು. ಮರಿ ಅಲುಗಾಡದೆ ಹುಲ್ಲಿನಲ್ಲೇ ಅಡಗಿತ್ತು. ಫೋಟೋ ತೆಗೆದುಕೊಂಡು ಅವನು ಹಿಂದೆ ಸರಿದಿದ್ದ. ತಾಯಿ ತಿರುಗಿ ಬರುವ ಮೊದಲೇ ಊರನಾಯಿಗಳು ಬಂದವು. ಅವನು ಕೂಗುತ್ತ ಓಡಿದರೂ ಮರಿ ಉಳಿಯಲಿಲ್ಲ.

ಇಷ್ಟನ್ನೂ ನಿಂತಲ್ಲೇ ಹೇಳಿ, ಲೆನ್ಸನ್ನು ಕೌಂಟರಿನ ಮೇಲಿಟ್ಟ.

"ಇದು ಕೈಗೆ ಬರಬಾರದಿತ್ತು."

ಕೈಗೆ ಕೊಟ್ಟವಳು ನಾನೇ ಅಲ್ಲವೇ... ದುರ್ಗಾ ತಲೆ ತಗ್ಗಿಸಿದಳು. ಮತ್ತೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದ.

ಮುಂದಿನ ತಿಂಗಳು ನಾನೂರರ ಲೆನ್ಸು ಬಂತು. ಅವಳು ಶಾಲೆಗೆ ಫೋನ್ ಮಾಡಿದಾಗ ಮಾಲತೇಶ ಬೇಡ ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಲೆನ್ಸು ಬೇಡವೋ, ನಾನೇ ಬೇಡವೋ? ಅವಳು ಫಿಲ್ಮು ತೊಳೆಯುವ ಕತ್ತಲ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಳು ಕೇಳಿದರೂ ಚಾಚಾ ಬಾಗಿಲು ತಟ್ಟಲಿಲ್ಲ. ಲೆನ್ಸು ಹಾವೇರಿಯ ಡಾಕ್ಟರೊಬ್ಬರ ಪಾಲಾಯಿತು.

ಎರಡು ವರ್ಷ ಹೀಗೇ ಕಳೆಯಿತು. ಭಾನುವಾರ ಅಂಗಡಿಯ ಮುಂದೆ ಬೈಕು ನಿಂತರೆ ಈಗಲೂ ಅವಳು ಕೈಲಿದ್ದ ಕೆಲಸ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದಳು. ಆಮೇಲೆ ಬೇರೆ ಯಾರದೋ ಮುಖ ಒಳಗೆ ಬರುತ್ತಿತ್ತು.

ಒಂದು ದಿನ ಅರಣ್ಯದ ವಾಚರ್ ಜಟ್ಟೆಪ್ಪ ಫೋಟೋ ತೆಗೆಸಲು ಬಂದ. ಮಾತಿಗೆ ಮಾತು ಬಂದು, ಕಾಗಿನೆಲೆಯ ಮಾಸ್ತರನೊಬ್ಬನ ಸುದ್ದಿ ಹೇಳಿದ. ಕೈಯಲ್ಲಿ ಕ್ಯಾಮೆರಾ ಇಲ್ಲ, ಬರೀ ಕೋಲು. ಪ್ರತಿ ಭಾನುವಾರ ಬೆಳಕು ಹರಿಯುವ ಮೊದಲೇ ಬಂದು ನಾಯಿಗಳನ್ನು ಓಡಿಸುತ್ತ ತಿರುಗುತ್ತಾನೆ. ಯಾಕೆಂದು ಕೇಳಿದರೆ ಬಾಯಿ ಬಿಡುವುದಿಲ್ಲ.

ದುರ್ಗಾ ಕ್ಯಾಮೆರಾ ಕೆಳಗಿಟ್ಟು, ಅಲ್ಲಿಗೆ ಹೋಗುವ ದಾರಿ ಕೇಳಿದಳು.

ಆ ಭಾನುವಾರ ಆಟೋ ಇಳಿದು, ಜಟ್ಟೆಪ್ಪ ಹೇಳಿದ್ದ ಕಾಲುದಾರಿಯಲ್ಲಿ ನಡೆದಳು. ತೋಪಿನ ಅಂಚಿನಲ್ಲಿ ಮಾಲತೇಶ ನಿಂತಿದ್ದ. ಬಹಳ ಸೊರಗಿದ್ದ. ಅವಳನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದು ನಿಂತ.

"ಆ ಮರಿ ಸತ್ತಿದ್ದು ನನ್ನಿಂದ," ಎಂದಳು ದುರ್ಗಾ. "ಗೊತ್ತಿದ್ದೂ ಕೊಟ್ಟೆ. ಅದಕ್ಕ ನೀವು ನನ್ನ ಕಡೆ ಹಾಯಲಿಲ್ಲ, ಹೌದಲ್ರಿ?"

"ನಿಮ್ಮಿಂದ? ನೀವು ಮೊದಲನೇ ದಿನಾನ ಹೇಳಿದ್ರಿ. ಕೇಳದ ಹೋದಾಂವ ನಾನು," ಎಂದ ಮಾಲತೇಶ. "ಅವತ್ತು ನೀವು ತಲಿ ತಗ್ಗಿಸಿದ್ರಿ. ನನ್ನ ಮಾರಿ ನೋಡಾಕೂ ಹೇಸಿಗಿ ಆಗೈತಿ ಇವರಿಗೆ ಅನ್ಕೊಂಡೆ..."

ಎರಡು ವರ್ಷ! ಯಾರೂ ಹೊರಿಸದ ತಪ್ಪನ್ನು ಹೊತ್ತುಕೊಂಡು ಇಬ್ಬರೂ ಒಬ್ಬೊಬ್ಬರೇ ಅತ್ತಿದ್ದರು. ದುರ್ಗಾ ಒದ್ದೆ ಹುಲ್ಲಿನ ಮೇಲೆ ಕುಸಿದು ಕುಳಿತಳು. ಅವನೂ ಕೋಲು ಬಿಟ್ಟು ಪಕ್ಕದಲ್ಲಿ ಕುಳಿತ. ಹೋದ ದಿನಗಳೂ ಬರುವುದಿಲ್ಲ, ಆ ಮರಿಯೂ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕಣ್ಣೊರೆಸಿಕೊಂಡು ಅವಳು ಮೆಲ್ಲಗೆ ಹೇಳಿದಳು. ಬುಧವಾರ ಬ್ಯಾಡಗಿಯಿಂದ ತನ್ನನ್ನು ನೋಡಲು ಬರುವವರಿದ್ದಾರೆ. ಅವ್ವ ಹೂಂ ಅಂದಿದ್ದಾಳೆ.

ಮಾಲತೇಶ ಅವಳ ಕಡೆ ತಿರುಗಿ ಕುಳಿತ.

"ನಾ ಮಂಗಳವಾರ ಬಂದ್ರ ನಡೀತೈತೇನ್ರಿ?"

"ಒಬ್ರ ಬರಬ್ಯಾಡ್ರಿ. ನಿಮ್ಮ ಅವ್ವನ್ನ ಕರ್ಕೊಂಡು ಬರ್ರಿ."

"ಅವ್ವಗ ಏನಂತ ಹೇಳ್ಲಿ?"

"ದುರ್ಗಾ ಅಂತ ಒಬ್ಬಾಕಿ ಎರಡು ವರ್ಷದಿಂದ ನನ್ನ ದಾರಿ ಕಾಯಾಕತ್ತಾಳ ಅಂತ ಹೇಳ್ರಿ."

"ಹೇಳ್ತೇನಿ," ಎಂದ ಅವನು, ಅಳುತ್ತಲೇ.