ಮಡಚಿಟ್ಟ ತಲೆಬರಹದ ಕೆಳಗೆ

“ಅತ್ತರೆ ಫೈಲ್ ತೆರ್ಕೊಳ್ಳಲ್ಲ.”

ಹಿಂದಿನಿಂದ ಬಂದ ದನಿಗೆ ರೆನ್ಸ್ಕೆ ಬೆಚ್ಚಿ ತಿರುಗಿದಳು. ಬಾಗಿಲಿಗೆ ಒರಗಿಕೊಂಡು ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ. ಮೊಣಕಾಲಿನವರೆಗೂ ಕೆಸರು, ಕೈಯಲ್ಲಿ ಕಾಫಿ ಲೋಟ, ಮುಖದಲ್ಲಿ ನಗುವಿನ ಸುಳಿವೂ ಇಲ್ಲ!

“ನಾನು ಅಳ್ತಾ ಇಲ್ಲ. ನೀವ್ಯಾರು?”

“ಸಿಬ್ರೆನ್. ಪಕ್ಕದ ಕೋಣೆ ನಂದು, ನೆನ್ನೆಯಷ್ಟೇ ಸೇರ್ಕೊಂಡೆ. ಬೆಳಿಗ್ಗೆಯಿಂದ ಆ ಕಂಪ್ಯೂಟರನ್ನ ಬೈತಾ ಇದೀರ, ಗೋಡೆ ಆಚೆಗೂ ಕೇಳ್ಸುತ್ತೆ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗ್ರೋನಿಂಗೆನ್ ಕರಾವಳಿಯ ಈ ಜೌಗು ಸಂಶೋಧನಾ ಕೇಂದ್ರಕ್ಕೆ ಸೇರಿ ಇನ್ನೂ ಮೂರು ತಿಂಗಳು. ಮೂರು ತಿಂಗಳೂ ಗಾಳಿಯಲ್ಲಿ, ಕೆಸರಿನಲ್ಲಿ ನಿಂತು ಅಳೆದ ಅಂಕಿಗಳು ಒಂದೇ ಫೈಲಿನಲ್ಲಿದ್ದವು. ಇವತ್ತು ಆ ಫೈಲ್ ಸತ್ತುಹೋಗಿತ್ತು. ಎಷ್ಟು ಸಲ ಒತ್ತಿದರೂ ಅದೇ ಉತ್ತರ... ತೆರೆಯಲಾಗುತ್ತಿಲ್ಲ.

“ಅಂಕಿಗಳನ್ನ ಕಾಗದದಲ್ಲೂ ಬರ್ಕೊಂಡಿದ್ದೀರಾ?”

“ಹೂಂ.”

“ಹಾಗಾದ್ರೆ ಸತ್ತಿದ್ದು ಫೈಲ್ ಮಾತ್ರ. ಸ್ವಲ್ಪ ಸರ್ಕೊಳ್ಳಿ.”

ಕೇಳದೆಯೇ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತ. ಪರದೆಯ ಮೇಲೆ ಒಂದು ಖಾಲಿ ಪುಟ ತೆರೆದ. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ. ಸಾಲಿನ ಮೊದಲಿಗೆ ಒಂದು ನಕ್ಷತ್ರ ಚಿಹ್ನೆ ಒತ್ತಿದ, ಅದು ತಲೆಬರಹವಾಯಿತು. ಎರಡು ನಕ್ಷತ್ರ ಒತ್ತಿದರೆ ಅದರೊಳಗಿನ ಉಪತಲೆಬರಹ. ಒಂದು ಗುಂಡಿ ಒತ್ತಿದ್ದೇ ತಡ, ಕೆಳಗಿದ್ದದ್ದೆಲ್ಲ ಮಡಚಿಕೊಂಡು ತಲೆಬರಹವಷ್ಟೇ ಉಳಿಯಿತು. ಮತ್ತೆ ಒತ್ತಿದರೆ ಬಿಚ್ಚಿಕೊಂಡಿತು! ನಡುನಡುವೆ ನೆಟ್ಟನೆಯ ಗೆರೆ ಹಾಕುತ್ತಾ ಹೋದ, ಅದು ತಾನಾಗಿಯೇ ಅಚ್ಚುಕಟ್ಟಾದ ಕೋಷ್ಟಕವಾಯಿತು. ಕೆಳಗೆ ಒಂದು ಸೂತ್ರ ಬರೆದ, ಕೋಷ್ಟಕ ತಾನೇ ಲೆಕ್ಕ ಮಾಡಿತು.

“ಟಿಪ್ಪಣಿ, ಮಾಡಬೇಕಾದ ಕೆಲಸ, ಲೆಕ್ಕ, ಎಲ್ಲಾ ಒಂದೇ ಕಡೆ. ಒಳಗಿರೋದು ಬರೀ ಅಕ್ಷರ. ಇನ್ನು ಮೂವತ್ತು ವರ್ಷ ಬಿಟ್ಟು ಯಾವ ಕಂಪ್ಯೂಟರಲ್ಲಿ ಬೇಕಾದ್ರೂ ತೆಗೀರಿ, ತೆರ್ಕೊಳ್ಳುತ್ತೆ.”

“ನೀವು ಮನುಷ್ಯರ ಜೊತೆ ಮಾತಾಡೋದಕ್ಕಿಂತ ಇದರ ಜೊತೆ ಮಾತಾಡೋದೇ ಜಾಸ್ತಿ ಅನ್ಸುತ್ತೆ.”

ಸಿಬ್ರೆನ್ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

“ಹೌದು,” ಎಂದ. ಅಷ್ಟೇ.

ತಮಾಷೆಗೆ ಆಡಿದ ಮಾತು ಅಷ್ಟು ನಿಜವಾಗಿರುತ್ತದೆ ಎಂದು ರೆನ್ಸ್ಕೆಗೆ ಆಗ ಹೇಗೆ ಗೊತ್ತಾಗಬೇಕು?

ಮೂರೇ ದಿನದಲ್ಲಿ ‘ನೀವು’ ಹೋಗಿ ‘ನೀನು’ ಆಯಿತು. ಇಬ್ಬರೂ ಒಂದೇ ಫೈಲಿನಲ್ಲಿ ಬರೆಯತೊಡಗಿದರು. ಬೆಳಿಗ್ಗೆ ಸಮುದ್ರ ತಡೆಯುವ ಒಡ್ಡಿನ ಮೇಲೆ ಎದುರುಗಾಳಿಗೆ ಸೈಕಲ್ ತುಳಿದು ಹೋಗಿ, ಜೌಗಿನಲ್ಲಿ ನೆಟ್ಟ ಉಕ್ಕಿನ ಕಂಬಗಳ ಪಕ್ಕ ಮಣ್ಣಿನ ಎತ್ತರ ಅಳೆಯುವುದು. ಮಧ್ಯಾಹ್ನ ಕುರಿಗಳ ನಡುವೆ ಕುಳಿತು ಚೀಸ್ ಇಟ್ಟ ಬ್ರೆಡ್ ತಿನ್ನುವುದು. ವಾಪಸ್ ಬಂದು ಅಂಕಿ ತುಂಬುವುದು. ಅವನ ಬಾಯಿಂದ ಹತ್ತು ಮಾತು ಹೊರಡಿಸಬೇಕಾದರೆ ಅವಳು ನೂರು ಮಾತಾಡಬೇಕಿತ್ತು.

ಒಂದು ಸೋಮವಾರ ಕೆಲಸಗಳ ಪಟ್ಟಿ ತೆರೆದಾಗ ಅವಳಿಗೆ ಕಂಡದ್ದು ಹೀಗಿತ್ತು.

‘ಮಾಡಬೇಕು: ಕಂಬ 12ರ ತುಕ್ಕು ಉಜ್ಜುವುದು.
ಮಾಡಬೇಕು: ರೆನ್ಸ್ಕೆಯನ್ನು ಊಟಕ್ಕೆ ಕರೆಯುವುದು.’

ಪಕ್ಕಕ್ಕೆ ನೋಡಿದಳು. ಸಿಬ್ರೆನ್ ಏನೂ ಗೊತ್ತಿಲ್ಲದವನಂತೆ ಕಿಟಕಿಯಾಚೆ ನೋಡುತ್ತಿದ್ದ, ಕಿವಿ ಮಾತ್ರ ಕೆಂಪಗಾಗಿತ್ತು!

ಅವಳು ಎರಡನೆಯ ಸಾಲಿನ ‘ಮಾಡಬೇಕು’ ಅಳಿಸಿ ‘ಮುಗಿಯಿತು’ ಎಂದು ಬರೆದಳು. ಪಕ್ಕದಲ್ಲಿ, ‘ಗುರುವಾರ, ಏಳು ಗಂಟೆ’ ಎಂದು ಸೇರಿಸಿದಳು.

ಹೀಗೆ ಶುರುವಾದ ಪ್ರೀತಿ ಅದು. ಒಂದೂವರೆ ವರ್ಷ ಅವಳು ಯಾರ ಮೇಲೂ ಅಸೂಯೆ ಪಡದೆ ಬದುಕಿದಳು.

ಆಮೇಲಿನ ಫೆಬ್ರವರಿಯಲ್ಲಿ ಅಮ್ಮನಿಗೆ ಕಾಯಿಲೆ ಎಂದು ಫೋನ್ ಬಂತು. ರೆನ್ಸ್ಕೆ ಚೀಲ ತುಂಬಿಕೊಂಡು ರೈಲು ಹತ್ತಿದಳು. ಏಳು ವಾರ ಆಸ್ಪತ್ರೆಯ ಹಾಸಿಗೆಯ ಪಕ್ಕದ ಕುರ್ಚಿಯೇ ಅವಳ ಮನೆಯಾಯಿತು. ಅಳತೆ, ಕೋಷ್ಟಕ, ಪ್ರಬಂಧ ಯಾವುದೂ ನೆನಪಿಗೆ ಬರಲಿಲ್ಲ, ಫೈಲನ್ನು ಒಂದು ಸಲವೂ ತೆರೆಯಲಿಲ್ಲ. ಸಿಬ್ರೆನ್ ದಿನಾ ಫೋನ್ ಮಾಡುತ್ತಿದ್ದ. “ಅಮ್ಮ ಹೇಗಿದ್ದಾರೆ? ಊಟ ಮಾಡಿದ್ಯಾ?” ಅಷ್ಟೇ. ಆಮೇಲೆ ಉದ್ದನೆಯ ಮೌನ. ಏನೋ ಹೇಳಲು ಹೊರಟು ನುಂಗಿಕೊಂಡಂತೆ.

ಏಪ್ರಿಲ್ ಮೊದಲ ವಾರ ಅಮ್ಮ ಹೋದರು.

ಅಂತ್ಯಸಂಸ್ಕಾರಕ್ಕೆ ಸಿಬ್ರೆನ್ ಬಂದ. ಅಲ್ಲಿನ ಪದ್ಧತಿಯಂತೆ ಬಂದವರಿಗೆಲ್ಲ ಕೊಡುವ ಕಾಫಿ, ಕೇಕಿನ ತುಂಡು ಹಿಡಿದು ಮೂಲೆಯಲ್ಲಿ ನಿಂತ. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ರೆನ್ಸ್ಕೆ... ನಿನ್ನ ಹತ್ರ ಒಂದು...” ಎಂದವನು ಅಲ್ಲಿಗೇ ನಿಲ್ಲಿಸಿಬಿಟ್ಟ.

“ಏನು?”

“ಏನಿಲ್ಲ. ಸುಧಾರಿಸ್ಕೋ.”

ಹತ್ತು ದಿನ ಬಿಟ್ಟು ಕೇಂದ್ರದಲ್ಲಿ ಸಭೆ. ಒಡ್ಡಿನ ಉಸ್ತುವಾರಿ ಅಧಿಕಾರಿಗಳು ಬಂದಿದ್ದರು. ರೆನ್ಸ್ಕೆಯ ಕೋಷ್ಟಕದಿಂದ ಕೇಂದ್ರದ ಮುಖ್ಯಸ್ಥ ಪ್ರೊಫೆಸರ್ ಬೌಕೆಮಾ ಆಗಲೇ ವರದಿ ಸಿದ್ಧಮಾಡಿಸಿದ್ದರು. ಅವಳು ಎದ್ದು ನಿಂತು ಓದಿದಳು. ಜೌಗಿನ ನೆಲ ವರ್ಷಕ್ಕೆ ಒಂಬತ್ತು ಮಿಲಿಮೀಟರ್ ಎತ್ತರ ಬೆಳೆಯುತ್ತಿದೆ, ಏರುತ್ತಿರುವ ಸಮುದ್ರಕ್ಕಿಂತ ವೇಗವಾಗಿ. ಅಧಿಕಾರಿಗಳ ಮುಖ ಅರಳಿತು. ಹಾಗಾದರೆ ಒಡ್ಡು ಎತ್ತರಿಸುವ ಕೆಲಸ ಹತ್ತು ವರ್ಷ ಮುಂದೆ ಹಾಕಬಹುದಲ್ಲ! ಹಾಗಂತ ಇವತ್ತೇ ಬರೆದುಬಿಡೋಣ!

“ಬರೀಬೇಡಿ.”

ಸಿಬ್ರೆನ್ ಎದ್ದು ನಿಂತಿದ್ದ. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

“ಈ ಕೋಷ್ಟಕ ತಪ್ಪು. ನಲವತ್ತೇಳನೇ ಸಾಲಿನಿಂದ ಕೆಳಗೆ ಪೂರ್ತಿ ತಪ್ಪು. ಜೌಗು ಬೆಳೀತಿರೋದು ಮೂರು ಮಿಲಿಮೀಟರೂ ಇಲ್ಲ.”

ಎಲ್ಲರ ಕಣ್ಣೂ ಅವಳ ಮೇಲೆ! ‘ಇವನಾ? ನನ್ನ ಸಿಬ್ರೆನ್ನಾ?’

ಕೇಂದ್ರದಲ್ಲಿ ಆ ವರ್ಷ ಒಂದೇ ಒಂದು ಕಾಯಂ ಹುದ್ದೆ ಖಾಲಿಯಿತ್ತು. ಹೆಸರಿದ್ದದ್ದು ಇವರಿಬ್ಬರದೇ.

ಕಾರಿಡಾರಿನಲ್ಲಿ ಅವನು ಓಡಿಬಂದು ಅಡ್ಡ ನಿಂತ. “ರೆನ್ಸ್ಕೆ, ನಾನು ಮೊದಲೇ...”

“ಕೆಲಸ ಬೇಕಿತ್ತು ಅಂದ್ರೆ ಕೇಳ್ಬೇಕಿತ್ತು ಕಣೋ! ನಾನೇ ಬಿಟ್ಟುಕೊಡ್ತಿದ್ದೆ! ಅಮ್ಮನ್ನ ಮಣ್ಣು ಮಾಡಿ ಹತ್ತೇ ದಿನ ಆಗಿದೆ... ಅಷ್ಟು ಜನರ ಮುಂದೆ ನನ್ನ ಬೆತ್ತಲೆ ನಿಲ್ಲಿಸ್ಬಿಟ್ಯಲ್ಲ!”

“ಹಾಗಲ್ಲ, ನಾನು ಬರ್ದಿದ್ದೆ...”

“ಬಿಡು ದಾರಿ!”

ಅವತ್ತೇ ಹೋದವಳು ಮತ್ತೆ ಕೇಂದ್ರದ ಮೆಟ್ಟಿಲು ಹತ್ತಲಿಲ್ಲ. ಅವನ ಫೋನ್ ಎತ್ತಲಿಲ್ಲ. ಬಂದ ಎರಡು ಪತ್ರಗಳನ್ನೂ ಒಡೆಯದೆ ಹರಿದಳು. ಆ ಹುದ್ದೆ ಸಿಬ್ರೆನ್‌ಗೆ ಸಿಕ್ಕಿತು ಎಂದು ಮುಂದಿನ ತಿಂಗಳು ಯಾರೋ ಹೇಳಿದರು. ಅವಳು ನಕ್ಕಳು. ಆ ನಗು ನೋಡಿದ್ದರೆ ಯಾರಿಗಾದರೂ ಹೆದರಿಕೆಯಾಗುತ್ತಿತ್ತು.

ಆರು ವರ್ಷ ಕಳೆಯಿತು.

ರೆನ್ಸ್ಕೆ ಈಗ ದ್ವೀಪಕ್ಕೆ ಹೋಗುವ ದೋಣಿಯ ಬಂದರಿನಲ್ಲಿ ಹಳದಿ ಜಾಕೆಟ್ ಹಾಕಿಕೊಂಡು ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಾಳೆ. ಆ ಕೆಲಸದಲ್ಲಿ ಅವಳಿಗೆ ನಾಚಿಕೆಯಿಲ್ಲ. ಆದರೆ ಸಮುದ್ರ ಇಳಿದು ಕೆಸರು ಹೊಳೆಯುವ ಹೊತ್ತಿಗೆ ಅವಳು ಬೆನ್ನು ತಿರುಗಿಸಿ ನಿಲ್ಲುತ್ತಾಳೆ.

ಒಂದು ಶನಿವಾರ ಕಾರೊಂದರ ಕಿಟಕಿ ಇಳಿಯಿತು. ಒಳಗೆ ಗೇಸ್ಕೆ, ಕೇಂದ್ರದ ಕಚೇರಿ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸು.

“ಅಯ್ಯೋ, ನಮ್ಮ ರೆನ್ಸ್ಕೆ! ಎಷ್ಟು ಇಳಿದುಹೋಗಿದ್ದೀಯೆ ತಾಯಿ!”

“ನಿವೃತ್ತಿ ಆಯ್ತಾ, ಗೇಸ್ಕೆ?”

“ಹೋದ ತಿಂಗಳು. ಹೋಗೋ ಮುಂಚೆ ಹಳೇ ಕಂಪ್ಯೂಟರೆಲ್ಲ ಖಾಲಿ ಮಾಡ್ಸಿದ್ರು. ನಿನ್ನ ಫೈಲ್ ಎಸೆಯೋಕೆ ಮನಸ್ಸಾಗ್ಲಿಲ್ಲ. ನೀನಿಲ್ಲಿದ್ದೀಯ ಅಂತ ಯಾರೋ ಹೇಳಿದ್ರು, ಕೊಡೋಣ ಅಂತಾನೇ ತಂದೆ.” ಕೈಚೀಲ ತಡಕಾಡಿ ಬೆರಳುದ್ದದ ಒಂದು ಪೆನ್‌ಡ್ರೈವ್ ತೆಗೆದಳು. “ಬೇಡ ಅಂದ್ರೆ ನೀರಿಗೆ ಎಸಿ. ಆದ್ರೆ ನಾನು ಎಸೀಲಿಲ್ಲ.”

ಮಾರನೆಯ ದಿನ ಮಧ್ಯಾಹ್ನ ಅವಳು ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ತೆರೆಯುವುದಿಲ್ಲ ಎಂದುಕೊಂಡಿದ್ದಳು. ತೆರೆಯಿತು! ಅದೇ ನಕ್ಷತ್ರಗಳು, ಅದೇ ಕೋಷ್ಟಕ. ಮೊದಲು ಹುಡುಕಿದ್ದು ನಲವತ್ತೇಳನೇ ಸಾಲನ್ನು.

ಆ ಜನವರಿ ಅವಳೇ ಹೊಸದೊಂದು ಜಾಗ ಸೇರಿಸಲು ನಡುವೆ ಸಾಲು ತೂರಿಸಿದ್ದಳು. ಅಲ್ಲಿಂದ ಕೆಳಗಿನ ಸಾಲುಗಳೆಲ್ಲ ಒಂದೊಂದು ಮೆಟ್ಟಿಲು ಇಳಿದಿದ್ದವು. ಸೂತ್ರ ಮಾತ್ರ ಹಳೆಯ ಜಾಗವನ್ನೇ ಹಿಡಿದು ಕುಳಿತಿತ್ತು. ಪ್ರತಿ ಜಾಗದ ಮಣ್ಣನ್ನೂ ಪಕ್ಕದ ಜಾಗದ ಕಂಬಕ್ಕೆ ಹೋಲಿಸಿತ್ತು. ತಪ್ಪು ಅವಳದೇ. ಅವಳೊಬ್ಬಳದೇ.

ಕೋಷ್ಟಕದ ಕೆಳಗೆ ಮಡಚಿದ್ದ ಒಂದು ತಲೆಬರಹವಿತ್ತು. ‘ರೆನ್ಸ್ಕೆಗೆ.’ ಅವಳು ಯಾವತ್ತೂ ನೋಡಿರದ ತಲೆಬರಹ. ಗುಂಡಿ ಒತ್ತಿದಳು.

‘ಮಾಡಬೇಕು: ಸಾಲು 47ರ ತಪ್ಪನ್ನು ರೆನ್ಸ್ಕೆಗೆ ಹೇಳುವುದು.
ಮಾರ್ಚ್ 3ರಿಂದ 6ಕ್ಕೆ ಮುಂದೂಡಿದೆ. ಅವಳಮ್ಮನಿಗೆ ಇವತ್ತು ಆಪರೇಷನ್.
6ರಿಂದ 12ಕ್ಕೆ. ಫೋನಿನಲ್ಲಿ ಅತ್ತಳು. ಆಗಲಿಲ್ಲ.
12ರಿಂದ 20ಕ್ಕೆ. ಇಲ್ಲಿ ಬರೆದಿಟ್ಟರೆ ಅವಳೇ ಬಂದು ಓದಬಹುದು.
20ರಿಂದ 29ಕ್ಕೆ. ಬೌಕೆಮಾಗೆ ಹೇಳಿದೆ. ಮೊದಲು ಅವಳು ಒಪ್ಪಲಿ, ಅಲ್ಲಿಯವರೆಗೆ ವರದಿ ಬದಲಿಸಲ್ಲ ಎಂದರು.
29ರಿಂದ ಏಪ್ರಿಲ್ 7ಕ್ಕೆ. ಅವಳಮ್ಮ ಇನ್ನು ಉಳಿಯುವುದಿಲ್ಲವಂತೆ. ಇವತ್ತು ಹೇಗೆ ಹೇಳಲಿ?
7ರಿಂದ 16ಕ್ಕೆ. ಕೈ ಹಿಡಿದುಕೊಂಡೆ. ಬಾಯಿ ಬರಲಿಲ್ಲ. ಸಭೆಗೆ ಮುಂಚೆ ಹೇಳಲೇಬೇಕು.’

ಮುಂದೆ ಏನೂ ಇರಲಿಲ್ಲ. ‘ಮುಗಿಯಿತು’ ಎಂದು ಬರೆದಿರಲಿಲ್ಲ.

ರೆನ್ಸ್ಕೆ ಅಳಲಿಲ್ಲ. ಆರು ವರ್ಷ ಅವನನ್ನು ಕಳ್ಳ ಎಂದುಕೊಂಡಿದ್ದಳು. ಅವನು ಕಳ್ಳನಲ್ಲ, ಹೇಡಿ. ಯಾವುದು ಹೆಚ್ಚು ನೋವು ಎಂದು ಅವಳಿಗೇ ತಿಳಿಯಲಿಲ್ಲ.

ಸೋಮವಾರ ರಜೆ ಹಾಕಿ ಬಸ್ಸು ಹತ್ತಿದಳು.

ಅವನು ಜೌಗಿನ ಅಂಚಿನಲ್ಲೇ ಇದ್ದ, ಕಂಬದ ಪಕ್ಕ ಬಗ್ಗಿಕೊಂಡು. ಕಿವಿಯ ಮೇಲೆ ಕೂದಲು ನರೆತಿತ್ತು. ಅವಳನ್ನು ಕಂಡವನೇ ಅಳತೆಕೋಲನ್ನು ಕೆಸರಿಗೆ ಬೀಳಿಸಿದ.

“ಆರು ಸಲ!” ಒಡ್ಡಿನ ಮೇಲಿಂದಲೇ ಕೂಗಿದಳು. “ಆರು ಸಲ ಮುಂದೆ ಹಾಕಿದ್ದೀಯ!”

ಅವನಿಗೆ ಅರ್ಥವಾಗಲು ಕ್ಷಣ ಹಿಡಿಯಿತು. “ಓದಿದ್ಯಾ...”

“ನೆನ್ನೆ ಓದಿದೆ. ಆರು ವರ್ಷ ಆದ್ಮೇಲೆ! ದಿನಾ ಫೋನ್ ಮಾಡ್ತಿದ್ಯಲ್ಲ ಸಿಬ್ರೆನ್? ಒಂದು ಮಾತು. ‘ನಿನ್ನ ಲೆಕ್ಕ ತಪ್ಪಿದೆ ಕಣೆ’ ಅಂತ ಒಂದೇ ಒಂದು ಮಾತು!”

“ನಿನ್ನ ಅಮ್ಮ ಸಾಯ್ತಾ ಇದ್ರು.”

“ನಮ್ಮಮ್ಮನ ಹೆಸರು ಹೇಳಿ ತಪ್ಪಿಸ್ಕೋಬೇಡ! ಅವರನ್ನ ಕಳಿಸೋ ದಿನ ಬಂದು ಕೇಕ್ ತಿಂದೆ. ಆಗಲೂ ಗೊತ್ತಿತ್ತು ನಿನಗೆ.”

“ಗೊತ್ತಿತ್ತು.”

“ಆ ಕೆಲಸಾನೂ ತಗೊಂಡೆ.”

“ತಗೊಂಡೆ.” ಅವನು ತಲೆ ತಗ್ಗಿಸಲಿಲ್ಲ. “ಬೇಕಿತ್ತು, ಅದಕ್ಕೇ ತಗೊಂಡೆ. ನಿನಗೋಸ್ಕರ ಬಿಡೋಕೆ ಹೋದೆ ಅಂತ ಸುಳ್ಳು ಹೇಳಲ್ಲ. ಆಮೇಲೆ ನಿನ್ನ ಬಾಗಿಲಿಗೆ ಬರೋಕೆ ಮುಖ ಇರ್ಲಿಲ್ಲ.”

ಗಾಳಿ ಜೋರಾಗಿ ಬೀಸಿತು. ಸುಳ್ಳು ಹೇಳಿದ್ದರೆ ಅವಳು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದಳು. ಅವನು ಹೇಳಲಿಲ್ಲ. ಅವಳು ಒಡ್ಡಿನ ಹುಲ್ಲಿನ ಮೇಲೆ ಕುಸಿದು ಕುಳಿತಳು. ಅವನು ಮೇಲೆ ಬಂದು ಸ್ವಲ್ಪ ದೂರದಲ್ಲಿ ಕುಳಿತ.

“ತಪ್ಪು ನನ್ನದೇ ಆಗಿತ್ತು,” ಎಂದಳು ಮೆಲ್ಲಗೆ. “ಅದನ್ನ ಒಪ್ಕೊಳ್ಳೋದೇ ಕಷ್ಟ ಆಗ್ತಿದೆ. ನಿನ್ನ ಬೈಕೊಂಡು ಇರೋದು ಎಷ್ಟು ಸುಲಭ ಆಗಿತ್ತು ಗೊತ್ತಾ... ನಿನ್ನ ಪತ್ರಾನೂ ಹರಿದೆ.”

“ಸೂತ್ರ ಸರಿ ಮಾಡಿ ಎಲ್ಲ ಜಾಗಾನೂ ಮತ್ತೆ ಅಳೆದೆ. ನೀನು ಅಳೆದಿದ್ದು ಒಂದೂ ತಪ್ಪಿಲ್ಲ, ಬರೀ ಲೆಕ್ಕ ತಪ್ಪಿತ್ತು. ಜೌಗು ಸೋಲ್ತಾ ಇದೆ ಅಂತ ಮೊದಲು ತೋರ್ಸಿದ್ದು ನಿನ್ನ ಅಂಕಿಗಳೇ. ಅದನ್ನ ನೋಡೇ ಒಡ್ಡು ಎತ್ತರಿಸಿದ್ರು. ಲೇಖನ ಬರೆದಿಟ್ಟಿದ್ದೀನಿ, ನಿನ್ನ ಹೆಸರೇ ಮೊದಲು. ನಾಲ್ಕು ವರ್ಷದಿಂದ ಹಾಗೇ ಇದೆ.”

“ಮತ್ತೆ ಫೈಲಲ್ಲಿ!” ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. “ಕೇಳದೆ ನನ್ನ ಮತ್ತೆ ಫೈಲಲ್ಲಿ ಹಾಕಿಟ್ಟಿದ್ದೀಯ!”

“ಅದಕ್ಕೇ ಈಗ ಕೇಳ್ತಿದ್ದೀನಿ. ನಿನ್ನ ಹೆಸರು ಹಾಕ್ಲಾ?”

“ಕೋಷ್ಟಕ ನಾನೇ ಮೊದಲಿಂದ ನೋಡ್ಬೇಕು. ಒಂದೊಂದು ಸಾಲೂ.”

“ನೋಡು. ಇನ್ನೊಂದಿದೆ...” ಅವಳು ಸಹಾಯಕ್ಕೆ ಹೋಗಲಿಲ್ಲ. ಕಾದಳು. ಒಂದು ಗುಂಪು ಹಕ್ಕಿ ಎದ್ದು ಹಾರಿ ಮತ್ತೆ ಇಳಿಯಿತು, ಆಗಲೂ ಕಾದಳು.

“ನಿನ್ನ ಪ್ರೀತಿಸ್ತೀನಿ ರೆನ್ಸ್ಕೆ. ಆಗಲೂ ಪ್ರೀತಿಸ್ತಿದ್ದೆ. ಒಂದು ಸಲಾನೂ ಬಾಯಿಬಿಟ್ಟು ಹೇಳಿರ್ಲಿಲ್ಲ.”

ಅವಳ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

“ನಾನಿನ್ನೂ ನಿನ್ನ ಕ್ಷಮಿಸಿಲ್ಲ.”

“ಗೊತ್ತು.”

“ಯಾವಾಗ ಕ್ಷಮಿಸ್ತೀನೋ ಅದೂ ಗೊತ್ತಿಲ್ಲ. ಆರು ವರ್ಷ ಯಾರೂ ವಾಪಸ್ ಕೊಡಲ್ಲ.”

“ಹೂಂ.”

“ಆದ್ರೂ ಪ್ರೀತಿ ಹೋಗಿಲ್ಲ ಕಣೋ. ಹೋಗ್ಲಿ ಅಂತ ಎಷ್ಟು ಪ್ರಯತ್ನ ಪಟ್ಟೆ...” ಅವಳು ಕೆಸರು ಮೆತ್ತಿದ ಅವನ ಕೈ ನೋಡಿದಳು. “ಇಷ್ಟು ದೂರ ಯಾಕೆ ಕೂತಿದ್ದೀಯ?”

“ಹತ್ರ ಬಂದ್ರೆ ಎದ್ದು ಹೋಗ್ತೀಯೇನೋ ಅಂತ.”

“ಬಂದು ನೋಡು.”

ಅವನು ಬಂದ. ಅವಳು ಎದ್ದು ಹೋಗಲಿಲ್ಲ.